ಕೆಳದನಿಯ ಬೆರಳು

ಹೊಳೆಗೆ ಸೇತುವೆ ಬಂದ ಮೇಲೆ ಹಳೆಯ ಕಡವನ್ನು ಕೇಳುವವರೇ ಇಲ್ಲವಾದರು. ಹರಿಗೋಲು ಹಾಕುತ್ತಿದ್ದವರು ಬೇರೆ ಕಸುಬು ಹಿಡಿದರು. ದಡದ ಕಲ್ಲುಮಂಟಪದಲ್ಲಿ ಉಳಿದದ್ದು ಗ್ಲಾಡ್ವಿನ್ ಮೇಷ್ಟ್ರು, ಅವರ ಗಿಟಾರು, ಮತ್ತೆ ಎರಡು ಚಾಪೆ.

ಮೇಷ್ಟ್ರು ಚಿನ್ನದ ಗಣಿಯ ಊರಿನವರು. ಅಲ್ಲಿಯ ಕ್ಲಬ್ಬುಗಳಲ್ಲಿ ಕಂಟ್ರಿ ಹಾಡು ನುಡಿಸಿಕೊಂಡು ಬೆಳೆದವರು. ಅಮೆರಿಕದ ದನಗಾಹಿಗಳು, ರೈಲುಹಾದಿಯ ಕೂಲಿಗಳು ಕಟ್ಟಿದ ಹಾಡುಗಳವು. ಊರವರು ಅದಕ್ಕೆ ‘ಇಂಗ್ಲಿಷ್ ಲಾವಣಿ’ ಎಂದೂ ಮಂಟಪಕ್ಕೆ ‘ಗಿಟಾರು ಮಠ’ ಎಂದೂ ಹೆಸರಿಟ್ಟಿದ್ದರು. ಮಠ ಅಂತ ಪ್ರಸಾದದ ಆಸೆಗೆ ಹೋದವರಿಗೆ ಕರಿ ಟೀ ಸಿಗುತ್ತಿತ್ತು, ಅದೂ ಸಕ್ಕರೆ ಇಲ್ಲದ್ದು.

ಒಂದು ದಿನ ಬೆಳಗಿನ ಮಂಜಿನಲ್ಲಿ ಓಬಳೇಶ ಅಲ್ಲಿಗೆ ಬಂದ. ಮೂವತ್ತರ ಆಸುಪಾಸಿನ ಆಳು, ಊಟ ಬಿಟ್ಟು ತಿಂಗಳಾದ ಮುಖ. ಹೆಗಲಲ್ಲಿದ್ದ ಗಿಟಾರಿನ ಮರ ನೀರು ಕುಡಿದು ಉಬ್ಬಿತ್ತು.

“ಎರಡು ದನಿ ನುಡಿಸೋದು ಕಲಿಸ್ರಿ, ಮೇಷ್ಟ್ರೇ,” ಅಂದ. “ಒಬ್ಬನೇ ಕೂತು ಬಾರಿಸಿದ್ರೂ ಇಬ್ಬರು ಹಾಡಿದಂಗೆ ಕೇಳಬೇಕು.”

“ಯಾಕೆ?”

“ಇಬ್ಬರಿದ್ವಿ. ಈಗ ಒಬ್ಬನೇ ಆಗೀನಿ.”

ಮೇಷ್ಟ್ರು ಅವನನ್ನು ನೋಡಲಿಲ್ಲ. ಅವನು ಬಂದ ದಾರಿಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಎರಡೂ ಚಾಪೆ ತಂದು ಪಕ್ಕಪಕ್ಕ ಹಾಸಿದರು.

“ನಾನೊಬ್ಬನೇ ಬಂದಿರೋದು,” ಅಂದ ಓಬಳೇಶ.

“ಇರಲಿ,” ಅಂದರು ಮೇಷ್ಟ್ರು, ಮತ್ತು ಟೀಗೆ ನೀರಿಟ್ಟರು.

ಪಾಠ ಅವತ್ತೇ ಶುರುವಾಯಿತು.

“ಆರರ ಅಂತರ ಅಂತಾರೆ ಇದನ್ನ,” ಅಂದರು ಮೇಷ್ಟ್ರು. “ಒಂದು ದನಿ ಮೇಲೆ. ಅದರಿಂದ ಕೆಳಗಿಳಿದು ಎಣಿಸಿದರೆ ಆರನೇ ಸ್ವರದಲ್ಲಿ ಇನ್ನೊಂದು ದನಿ. ಮೇಲ್ದನಿಗೆ ಮೊದಲನೇ ತಂತಿ, ಕೆಳದನಿಗೆ ಮೂರನೇ ತಂತಿ. ಹೆಬ್ಬೆರಳು, ನಡುಬೆರಳು ಸೇರಿಸಿ ಎರಡನ್ನೂ ಒಟ್ಟಿಗೆ ಚಿವುಟು.”

“ನಡುವೆ ಎರಡನೇ ತಂತಿ ಐತಲ್ರಿ?”

“ಅದು ಹೊಳೆ. ಅದಕ್ಕೆ ಬೆರಳ ಪಕ್ಕ ತಾಗಿಸಿ ಸುಮ್ಮನಿರಿಸು. ಇಬ್ಬರೂ ಹಾಡ್ತಾರೆ, ಹೊಳೆ ಹಾಡಬಾರದು.”

ಗಿಟಾರಿನ ಕತ್ತಿನ ಮೇಲೆ ಅಡ್ಡಪಟ್ಟಿಗಳಿರುತ್ತವಲ್ಲ, ಎರಡು ಪಟ್ಟಿಗಳ ನಡುವಿನ ಜಾಗವನ್ನು ಮೇಷ್ಟ್ರು ‘ಮನೆ’ ಅನ್ನುತ್ತಿದ್ದರು, ಚೌಕಾಬಾರದ ಮನೆಯ ಹಾಗೆ. ಹಾಡು ಸಾಗುತ್ತ ಎರಡು ಬೆರಳೂ ಮನೆಯಿಂದ ಮನೆಗೆ ಹೋಗಬೇಕು.

“ಇಲ್ಲಿ ಒಂದು ಸಂಗತಿ ಇದೆ,” ಅಂದರು. “ಕೆಲವು ಸ್ವರಕ್ಕೆ ಇಬ್ಬರೂ ಒಂದೇ ಮನೆಯಲ್ಲಿ ಇರ್ತಾರೆ. ಕೆಲವು ಸ್ವರಕ್ಕೆ ಕೆಳದನಿ ಒಂದು ಮನೆ ಮುಂದೆ ಹೋಗಿರುತ್ತೆ. ಅವಾಗ ಕೆಳದನಿಯ ಬೆರಳನ್ನ ಎತ್ತಿ ಮುಂದಿನ ಮನೆಯಲ್ಲಿ ಇಡಬೇಕು.”

“ಎತ್ತಲೇಬೇಕೇನ್ರಿ?”

“ಎತ್ತದೆ ಹೇಗೆ ಇಡ್ತೀಯ?”

ಓಬಳೇಶ ಎತ್ತಲಿಲ್ಲ.

ಎರಡು ಬೆರಳನ್ನೂ ಒಂದೇ ಮನೆಯಲ್ಲಿ ಒತ್ತಿ ಹಿಡಿದು, ಹಾಗೇ ಜಾರಿಸಿಕೊಂಡು ಹೋದ. ಹಿಡಿತ ಎಷ್ಟು ಗಟ್ಟಿಯೆಂದರೆ ಉಗುರು ಬೆಳ್ಳಗಾದವು. ಮೊದಲ ಸ್ವರ ಜೇನಿನಂತಿತ್ತು. ಎರಡನೆಯದಕ್ಕೆ ಕೆಳದನಿ ಹುಳಿಯಿತು. ಮೂರನೆಯದಕ್ಕೆ ಮತ್ತೂ ಹುಳಿಯಿತು.

“ಗಿಟಾರು ಸರಿ ಇಲ್ಲ, ನೀರಿಗೆ ಬಿದ್ದಿತ್ತು,” ಅಂದ ಓಬಳೇಶ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಅಂದರು ಮೇಷ್ಟ್ರು.

ಹಾಗಂದವರು ನಗಲಿಲ್ಲ. ಓಬಳೇಶ ಮತ್ತೆ ಬಾರಿಸತೊಡಗಿದಾಗ ಅವರ ಕಣ್ಣು ಹೊಳೆಯ ಕಡೆ ಇತ್ತು. ಮಂಜಿನಲ್ಲಿ ನೀರಿನ ಅಂಚು ಕಾಣುತ್ತಿರಲಿಲ್ಲ. ಆದರೆ ತೊಯ್ದ ಗೋಣಿಯನ್ನು ಮರಳ ಮೇಲೆ ಎಳೆದ ಹಾಗೆ ಒಂದು ಸದ್ದು ಅಲ್ಲಿಂದ ಬಂತು. ಓಬಳೇಶ ಬಾರಿಸುವುದು ನಿಲ್ಲಿಸಿದೊಡನೆ ಅದೂ ನಿಂತಿತು.

ಮರುದಿನ ಬೆಳಗ್ಗೆ ಪಕ್ಕದ ಚಾಪೆ ಒದ್ದೆಯಾಗಿತ್ತು.

ಓಬಳೇಶ ಮುಟ್ಟಿ ನೋಡಿದ. ಮಂಜಿನ ತೇವ ಇರಬೇಕು ಅಂದುಕೊಂಡ. ತಾನು ಮಲಗಿದ ಚಾಪೆ ಒಣಗಿಯೇ ಇತ್ತು. ಒದ್ದೆ ಚಾಪೆಯನ್ನು ಸುತ್ತಿಡಲು ಹೋದಾಗ ಮೇಷ್ಟ್ರು ತಡೆದರು.

“ಒದ್ದೆ ಚಾಪೆ ಸುತ್ತಬಾರದು. ಕೊಳೆಯುತ್ತೆ.”

“ಇದು ಯಾರ ಚಾಪೆರಿ?”

“ನನ್ನ ಹೆಂಡತಿ ಫ್ಲೋರಾಳದು. ಅವಳು ಕೆಳದನಿ ಹಾಡ್ತಿದ್ದಳು.” ಮೇಷ್ಟ್ರು ಟೀ ಸೋಸಿದರು. “ಅವಳು ತೀರಿಕೊಂಡ ಮೇಲೆ ಅದು ಒಣಗೋಕೆ ಒಂಬತ್ತು ವರ್ಷ ಹಿಡೀತು.”

ಓಬಳೇಶ ಚಾಪೆಯಿಂದ ಕೈ ಹಿಂದಕ್ಕೆ ತೆಗೆದ. ಆದರೆ ಎದ್ದು ಹೋಗಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೆ ಹೆದರಿಕೆಗಿಂತ ಆಸೆಯೇ ಜಾಸ್ತಿ ಆಗಿತ್ತು. ಲೋಟ ಕೆಳಗಿಟ್ಟು ತನ್ನ ಕಥೆ ಹೇಳಿದ.

ಅಣ್ಣ ನಿಂಗೇಶ, ತಮ್ಮ ಓಬಳೇಶ. ಮದುವೆಮನೆಗಳಲ್ಲಿ ಜೋಡಿಯಾಗಿ ಹಾಡುತ್ತಿದ್ದರು, ಕೆಳದನಿ ಅಣ್ಣನದು. ಹೋದ ಮಳೆಗಾಲದಲ್ಲಿ ಇದೇ ಹೊಳೆಯನ್ನು, ನಾಲ್ಕು ಹರದಾರಿ ಮೇಲ್ಗಡೆ, ಹರಿಗೋಲಿನಲ್ಲಿ ದಾಟುವಾಗ ಸುಳಿಗೆ ಸಿಕ್ಕರು. ಹರಿಗೋಲು ಮಗುಚಿತು. ಮರದ ಗಿಟಾರು ತೇಲಿತು. ಓಬಳೇಶ ಒಂದು ಕೈಯಲ್ಲಿ ಅದನ್ನು ಅಪ್ಪಿಕೊಂಡ, ಇನ್ನೊಂದು ಕೈಯಲ್ಲಿ ಅಣ್ಣನ ಮಣಿಕಟ್ಟು ಹಿಡಿದ.

“ಆಮೇಲೆ?”

“ಕೈ ಜಾರಿತು.” ಓಬಳೇಶ ನೆಲ ನೋಡಿದ. “ಹೆಣ ಕೂಡ ಸಿಗಲಿಲ್ಲ.”

ಮೇಷ್ಟ್ರು ಅವನ ಎಡಗೈ ಬೆರಳುಗಳನ್ನು ನೋಡಿದರು. ತಂತಿ ಕೊರೆದು ಗಾಯವಾಗಿದ್ದವು.

“ಜಾರಿತೋ?” ಅಂದರು.

ಓಬಳೇಶ ಗಾಯದ ಬೆರಳುಗಳನ್ನು ಅಂಗೈಯೊಳಗೆ ಮಡಚಿಕೊಂಡ.

ಮೂರನೆಯ ದಿನ ನೀರಿನಿಂದ ಅರ್ಧ ದಡದವರೆಗೆ ಮರಳಿನಲ್ಲಿ ಒಂದು ಪಟ್ಟೆ ಮೂಡಿತ್ತು. ನಡೆದ ಹೆಜ್ಜೆಗಳಲ್ಲ. ಎಳೆದ ಗುರುತು.

ಓಬಳೇಶ ಅದನ್ನು ನೋಡಿ ಚಿಕ್ಕ ಹುಡುಗನ ಹಾಗೆ ಹಿಗ್ಗಿದ.

“ನಮ್ಮಣ್ಣ ಬರಾಕತ್ತಾನೆ, ಮೇಷ್ಟ್ರೇ!”

“ಬರ್ತಿದಾನೋ, ಎಳೀತಿದೀಯೋ?”

“ಯಾವುದಾದ್ರೇನ್ರಿ? ಬಂದ್ರೆ ಸಾಕು.”

“ಓಬಳೇಶ,” ಅಂದರು ಮೇಷ್ಟ್ರು, “ಯಾವಾಗಲೂ ಇಬ್ಬರನ್ನೂ ಒಂದೇ ಮನೆಯಲ್ಲಿ ಕೂಡಿಹಾಕಿದರೆ ಹಾಡು ಕೆಡುತ್ತೆ. ಹಾಡು ಕೆಟ್ಟರೆ ಹೋಗಲಿ. ಒಳಗಿರೋ ಇಬ್ಬರೂ ಕೆಡ್ತಾರೆ. ನಿನ್ನ ಮುಖ ನೋಡ್ಕೋ.”

ಓಬಳೇಶ ಮುಖ ನೋಡಿಕೊಳ್ಳಲಿಲ್ಲ. ಟೀಗೆ ಎತ್ತಿಟ್ಟಿದ್ದ ನೀರಿನಲ್ಲಿ ಅದು ಕಾಣುತ್ತಿತ್ತು. ಕೆನ್ನೆ ಒಳಕ್ಕೆ ಹೋಗಿ, ತುಟಿ ನೀಲಿಗಟ್ಟಿ, ನೀರಲ್ಲಿ ನೆನೆದವನ ಮುಖದ ಹಾಗೆ ಆಗಿತ್ತು.

“ನಾನು ಹೇಳೋವರೆಗೂ ಗಿಟಾರು ಮುಟ್ಟಬೇಡ,” ಅಂದರು ಮೇಷ್ಟ್ರು.

ಮುಟ್ಟಬೇಡ ಅಂದದ್ದನ್ನು ಮುಟ್ಟದ ಶಿಷ್ಯ ಯಾವ ಕಥೆಯಲ್ಲಿದ್ದಾನೆ? ಮಾರನೆಯ ದಿನ ನಡುಮಧ್ಯಾಹ್ನ ಮೇಷ್ಟ್ರು ಟೀಪುಡಿ ತರಲು ಊರೊಳಗೆ ಹೋದದ್ದೇ ತಡ, ಓಬಳೇಶ ಗಿಟಾರು ತೆಗೆದ.

ಬಿಸಿಲು ಚುರುಗುಟ್ಟುತ್ತಿತ್ತು. ಹೊಳೆಯ ಮೇಲೆ ಒಂದು ಹಕ್ಕಿಯೂ ಇರಲಿಲ್ಲ. ಅವ್ವ ಹಾಡುತ್ತಿದ್ದ ಜೋಗುಳವನ್ನು ಅವನು ಶುರುಮಾಡಿದ. ಅಣ್ಣತಮ್ಮ ಇಬ್ಬರೂ ಮೊದಲು ಕಲಿತ ಹಾಡು ಅದೇ. ಎರಡು ಬೆರಳೂ ಒಂದೇ ಮನೆಯಲ್ಲಿ, ಒತ್ತಿ, ಎತ್ತದೆ.

ಸದ್ದು ಶುರುವಾಯಿತು. ಒಂದು ಸ್ವರಕ್ಕೆ ಒಂದು ಎಳೆತ. ಮರಳು ದಾಟಿತು. ಕಲ್ಲು ದಾಟಿತು. ಕೆಳದನಿ ಹುಳಿದಷ್ಟೂ ಹತ್ತಿರವಾಯಿತು.

ಓಬಳೇಶ ಕಣ್ಣು ಮುಚ್ಚಿಕೊಂಡು ಬಾರಿಸಿದ. ತೆರೆದಾಗ ಪಕ್ಕದ ಚಾಪೆಯ ಮೇಲೆ ಒಬ್ಬ ಬೆನ್ನು ಮಾಡಿ ಕೂತಿದ್ದ.

ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ಅಂಗಿಯನ್ನು ಓಬಳೇಶನೇ ಹರಿಹರದ ಸಂತೆಯಲ್ಲಿ ಆರಿಸಿ ಕೊಡಿಸಿದ್ದ.

“ಅಣ್ಣಾ,” ಅಂದ.

ಕೂತವನು ತಿರುಗಲಿಲ್ಲ. ಬಲಗೈಯನ್ನು ನಿಧಾನವಾಗಿ ಹಿಂದಕ್ಕೆ ಚಾಚಿದ. ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ಗುರುತು ನೀಲಿಯಾಗಿ ಹೆಪ್ಪುಗಟ್ಟಿತ್ತು.

“ಬಿಡೋ ತಮ್ಮಾ,” ಅಂತ ದನಿ ಬಂತು. “ನೋಯ್ತತೆ.”

ಓಬಳೇಶನಿಗೆ ಗಿಟಾರು ಎಸೆದು ಓಡಬೇಕೆನ್ನಿಸಿತು. ಆದರೆ ಬೆರಳು ಮೇಲೇಳಲಿಲ್ಲ. ತಂತಿಗೇ ಅಂಟಿಕೊಂಡಂತಿದ್ದವು. ಬಲಗೈ ಅವನು ಹೇಳದೆಯೇ ಮತ್ತೊಂದು ಸ್ವರ ಚಿವುಟಿತು. ಚಾಪೆಯ ಮೇಲಿನವನು ನೋವಿಗೆ ಕುಗ್ಗಿದ. ಇನ್ನೊಂದು ಚಿವುಟಿತು. ಮತ್ತೂ ಕುಗ್ಗಿದ. ಓಬಳೇಶನ ಬಾಯಿಗೆ ಹೊಳೆನೀರಿನ ರುಚಿ ಬಂತು, ಉಸಿರು ಕಟ್ಟಿತು.

ಅಷ್ಟರಲ್ಲಿ ಮೇಷ್ಟ್ರು ಬಂದರು. ಟೀಪುಡಿಯ ಪೊಟ್ಟಣ ಕೆಳಗಿಟ್ಟರು. ಚಾಪೆಯ ಮೇಲಿನವನಿಗೆ ಅಡ್ಡ ಬರದೆ ಸುತ್ತಿ ಬಳಸಿ ಬಂದು ಓಬಳೇಶನ ಎದುರು ಕೂತರು.

“ಬೆರಳು ಬರ್ತಿಲ್ರಿ! ಬಿಡಿಸ್ರಿ!” ಅಂತ ಓಬಳೇಶ ಏದುಸಿರಿನಲ್ಲೇ ಕೂಗಿದ.

ಮೇಷ್ಟ್ರು ಬೆರಳು ಬಿಡಿಸಲಿಲ್ಲ. ಅವನ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಗಿಟಾರು ನಿಂತಿತು. ಮೇಷ್ಟ್ರ ಹಿಡಿತ ನಿಲ್ಲಲಿಲ್ಲ. ಇನ್ನೂ ಒತ್ತಿದರು. ಐವತ್ತು ವರ್ಷ ತಂತಿ ಒತ್ತಿದ ಬೆರಳು ಅವು, ಮೂಳೆಗೆ ತಾಗಿದವು.

“ಮೇಷ್ಟ್ರೇ, ನೋಯ್ತತೆ.”

ಮೇಷ್ಟ್ರು ಒತ್ತಿದರು.

“ಬಿಡ್ರಿ!”

“ನಿನ್ನನ್ನ ಕಂಡರೆ ನನಗೆ ಪ್ರೀತಿ,” ಅಂದರು ಮೇಷ್ಟ್ರು. “ಹೇಗೆ ಬಿಡಲಿ?”

“ಅಯ್ಯೋ ನೋಯ್ತತ್ರಿ, ಬಿಡ್ರಿ!”

ಹಾಗೆ ಕೂಗಿದವನಿಗೆ ತನ್ನ ಮಾತು ತನಗೇ ಕೇಳಿಸಿತು. ಅವನು ಪಕ್ಕದ ಚಾಪೆಯ ಕಡೆ ನೋಡಿದ. ನೀಲಿ ಗುರುತಿನ ಮಣಿಕಟ್ಟು ಇನ್ನೂ ಹಾಗೇ ಚಾಚಿಕೊಂಡಿತ್ತು.

ಮೇಷ್ಟ್ರು ಕೈ ಬಿಟ್ಟರು.

“ಅವತ್ತು ಕೈ ಜಾರಲಿಲ್ರಿ,” ಅಂದ ಓಬಳೇಶ. “ಗಿಟಾರು ಒಬ್ಬನನ್ನೇ ತೇಲಿಸ್ತಿತ್ತು. ಇಬ್ಬರೂ ಮುಳುಗಾಕತ್ತಿದ್ವಿ. ಅಣ್ಣ ಬಿಡು ಅಂದ. ನಾ ಬಿಟ್ಟೆ. ಅವನು ಹೇಳಿದ ಕೂಡ್ಲೆ ಬಿಟ್ಟೆ, ಮೇಷ್ಟ್ರೇ. ಒಂದು ಮಾತೂ ಎದುರಾಡಲಿಲ್ಲ.”

“ಹೂಂ.”

“ಮತ್ತೆ ಹೆಂಗ್ ಬಿಡಲಿ? ಎರಡನೇ ಸಲ ಹೆಂಗ್ ಬಿಡಲಿ?”

“ಅವತ್ತು ನೀರಿಗೆ ಬಿಟ್ಟೆ,” ಅಂದರು ಮೇಷ್ಟ್ರು. “ಇವತ್ತು ಅವನ ಮನೆಗೆ ಬಿಡು. ಒಂದೇ ಮನೆ ಮುಂದೆ ಇದೆ. ಬೆರಳು ಎತ್ತು.”

ಓಬಳೇಶ ಅಳುತ್ತಲೇ ಜೋಗುಳವನ್ನು ಮೊದಲಿನಿಂದ ಹಿಡಿದ. ಮೊದಲ ಸ್ವರಕ್ಕೆ ಇಬ್ಬರೂ ಒಂದೇ ಮನೆಯಲ್ಲಿದ್ದರು. ಎರಡನೆಯದು ಬಂತು.

ಅವನು ಕೆಳದನಿಯ ಬೆರಳು ಎತ್ತಿದ.

ತಂತಿ ಬಿಟ್ಟುಕೊಡುವಾಗ ಬೆರಳಿನ ಚರ್ಮವೂ ಸ್ವಲ್ಪ ಬಂತು. ಬೆರಳು ಗಾಳಿಯಲ್ಲಿತ್ತು. ಕೆಳಗೆ ಯಾರೂ ಹಿಡಿದಿರಲಿಲ್ಲ. ಆ ಅರೆಕ್ಷಣ ಅವನಿಗೆ ಹೊಳೆಯಷ್ಟು ಅಗಲವಾಗಿ ಕಂಡಿತು.

ಆ ಅರೆಕ್ಷಣದಲ್ಲಿ, ಬೆರಳು ಇನ್ನೂ ಗಾಳಿಯಲ್ಲಿರುವಾಗಲೇ, ಮೂರನೇ ತಂತಿ ನುಡಿಯಿತು. ಒಂದು ಮನೆ ಮುಂದಿನಿಂದ. ಶುದ್ಧವಾಗಿ.

ಅದು ನಿಂಗೇಶನ ದನಿ. ಓಬಳೇಶನಿಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅವನು ಬೆರಳನ್ನು ಅಲ್ಲಿಟ್ಟ. ಮುಂದಿನ ಸ್ವರಕ್ಕೆ ಮತ್ತೆ ಎತ್ತಿದ, ಮತ್ತೆ ಇಟ್ಟ. ಪ್ರತಿ ಸಲ ಎತ್ತಿದಾಗಲೂ ಜೀವ ಹೋದಂತಾಯಿತು, ಪ್ರತಿ ಸಲವೂ ಕೆಳದನಿ ಅವನಿಗಿಂತ ಮೊದಲೇ ಅಲ್ಲಿರುತ್ತಿತ್ತು. ನಡುವಿನ ತಂತಿ ಬೆರಳ ಪಕ್ಕಕ್ಕೆ ತಾಗಿಕೊಂಡು ಸುಮ್ಮನಿತ್ತು. ಚಾಪೆಯ ಮೇಲಿನವನು ಚಾಚಿದ ಕೈಯನ್ನು ಮಡಿಲಿಗೆ ಎಳೆದುಕೊಂಡು, ಇನ್ನೊಂದು ಕೈಯಿಂದ ಮಣಿಕಟ್ಟು ನೀವಿಕೊಂಡ. ಆಮೇಲೆ ಎದ್ದ.

ಈ ಸಲ ಎಳೆದ ಸದ್ದಿರಲಿಲ್ಲ. ಕಲ್ಲಿನ ಮೇಲೆ ಒದ್ದೆ ಹೆಜ್ಜೆಗಳು, ಒಂದಾದ ಮೇಲೊಂದು, ಆರಾಮವಾಗಿ ನಡೆದುಹೋಗುವವನ ಹೆಜ್ಜೆಗಳು. ಓಬಳೇಶನಿಗೆ ತಲೆಯೆತ್ತಿ ನೋಡಬೇಕೆಂದು ಬಹಳ ಆಸೆಯಾಯಿತು. ನೋಡಿದರೆ ಹಾಡು ನಿಲ್ಲುತ್ತಿತ್ತು. ನೋಡಲಿಲ್ಲ.

ಜೋಗುಳದ ಕೊನೆಯ ಸ್ವರಕ್ಕೆ ಕೆಳದನಿ ಒಂದು ಮನೆ ಮುಂದೆ ನಿಲ್ಲಬೇಕು. ಅಲ್ಲೇ ನಿಂತಿತು. ಮೇಲ್ದನಿ ಆರಿದ ಮೇಲೂ ಅದು ಸ್ವಲ್ಪ ಹೊತ್ತು ಹೊಳೆಯ ಮೇಲೆ ಕೇಳಿಸುತ್ತಿತ್ತು.

ಓಬಳೇಶ ಗಿಟಾರು ಕೆಳಗಿಟ್ಟು ಮನಸಾರೆ ಅತ್ತ. ಮೇಷ್ಟ್ರು ಟೀ ಕಾಸಿ ಎರಡೇ ಲೋಟಕ್ಕೆ ಬಗ್ಗಿಸಿದರು. ಅವನು ಕುಡಿದ. ಹೋದ ಮಳೆಗಾಲದಿಂದ ಈಚೆಗೆ ಅವನ ಹೊಟ್ಟೆಗೆ ಏನಾದರೂ ಬಿಸಿಯಾಗಿ ಇಳಿಯಿತು ಅನ್ನಿಸಿದ್ದು ಅದೇ ಮೊದಲು.

ಹೊತ್ತು ಇಳಿಯಿತು.

“ಮೇಷ್ಟ್ರೇ,” ಅಂದ ಓಬಳೇಶ ಕೊನೆಗೆ, “ಅಣ್ಣ ಇನ್ನು ಬರಲ್ವೇನ್ರಿ?”

ಮೇಷ್ಟ್ರು ಬಗ್ಗಿ ಎರಡನೇ ಚಾಪೆಯ ಮೇಲೆ ಅಂಗೈ ಇಟ್ಟು ನೋಡಿದರು. ತಲೆಯ ಕಡೆ ನೋಡಿದರು, ಕಾಲಿನ ಕಡೆ ನೋಡಿದರು.

“ಒಣಗಿದೆ,” ಅಂದರು. “ಸುತ್ತಿಡು.”