ಕಪ್ಪೆ ತನ್ನ ನೀರನ್ನು ಯಾರ ಕೈಗೂ ಕೊಡಲಿಲ್ಲ

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಮೊದಲನೆಯ ಮಳೆ ಬಂದು ನಿಂತಿತ್ತು. ಎರಡನೆಯದರ ಸುದ್ದಿಯೇ ಇರಲಿಲ್ಲ.

ಕಪ್ಪೆಯ ಚರ್ಮ ತೆಳು ಬಟ್ಟೆಯ ಹಾಗೆ. ಬೇಗ ನೆನೆಯುತ್ತಿತ್ತು, ಬೇಗ ಒಣಗುತ್ತಿತ್ತು. ಪೂರ್ತಿ ಒಣಗಿದರೆ ಸಾವೇ.

"ಮತ್ತೆ ಯಾವಾಗ ಬರ್ತೀಯ?" ಎಂದು ಮೋಡವನ್ನು ಕೇಳಿತು.

"ಬರ್ತೀನಿ ಬಿಡು."

"ಬಿಡು ಅನ್ನೋರನ್ನ ನಾನು ನಂಬಲ್ಲ," ಎಂದಿತು ಕಪ್ಪೆ.

ಗಾಳಿ ಮೆತ್ತಗೆ ಬಂತು. "ಕಪ್ಪೆ ತಮ್ಮಾ, ನಿನ್ನ ನೀರು ನನ್ನ ಹತ್ತಿರ ಇಡು. ಬೇಸಿಗೆಗೆ ವಾಪಸ್ ಕೊಡ್ತೀನಿ."

ಪುಕ್ಕಟೆ ಕಾಯುವವರು ಯಾರಿದ್ದಾರೆ? ಕಪ್ಪೆಗೆ ಅನುಮಾನ. ಎಲೆಯ ಮೇಲೆ ಒಂದೇ ಒಂದು ಹನಿ ಇಟ್ಟು, "ಮೊದಲು ಇದನ್ನ ನೋಡ್ಕೋ," ಎಂದು ಹೇಳಿ ಕಲ್ಲಿನ ಹಿಂದೆ ಕೂತಿತು. ಕಣ್ಣು ಮಾತ್ರ ಮೇಲೆ.

ಗಾಳಿ ಅತ್ತ ನೋಡಿತು, ಇತ್ತ ನೋಡಿತು. ಹನಿಯನ್ನು ನೆಕ್ಕಿಬಿಟ್ಟಿತು.

"ಹನಿ ಎಲ್ಲಣ್ಣ?"

"ಯಾವ ಹನಿ?" ಎಂದಿತು ಗಾಳಿ.

"ನನ್ನಲ್ಲಿ ಇಡು," ಎಂದಿತು ಕೆರೆ. ಕಪ್ಪೆ ದಡ ನೋಡಿತು. ನಿನ್ನೆ ನೀರಲ್ಲಿದ್ದ ಕಲ್ಲು ಇವತ್ತು ಒಣಗಿತ್ತು. "ನಿನ್ನದನ್ನೇ ನೀನು ಕಾಯಲಾರೆ, ನನ್ನದನ್ನ ಏನು ಕಾಯ್ತೀಯ?"

ಒಳಗಿಂದ ಮೀನು ನಕ್ಕಿತು. "ನನ್ನ ಕಷ್ಟ ಉಲ್ಟಾ ಮಾರಾಯ. ಬೇಡ ಅಂದ್ರೂ ನೀರು ಮೈಯೊಳಗೆ ನುಗ್ಗುತ್ತೆ. ಉಚ್ಚೆಚೀಲಕ್ಕೆ ತುಂಬ್ಕೊಂಡು ಆಚೆ ಚೆಲ್ತೀನಿ."

"ಚೆಲ್ತೀಯಾ!"

ಕಪ್ಪೆ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡಿತು. ಅಲ್ಲೂ ಅಂಥದೇ ಚೀಲ. ಅಯ್ಯೋ, ನಾನೂ ಇಷ್ಟು ದಿನ ಚೆಲ್ಲುತ್ತಲೇ ಇದ್ದೆನಲ್ಲ! ಅಂದಿನಿಂದ ಚೆಲ್ಲುವುದನ್ನು ನಿಲ್ಲಿಸಿತು. ಕೆರೆಯಲ್ಲಿ ಕೂತು ಚರ್ಮದಿಂದ ಹೀರಿತು, ಹೀರಿತು, ಹೀರಿತು. ಚೀಲ ಉಬ್ಬಿತು. ಆಮೇಲೆ ಯಾರಿಗೂ ಹೇಳದೆ ಮಣ್ಣೊಳಗೆ ಇಳಿಯಿತು.

ಬೇಸಿಗೆ ಬಂತು. ಕೆರೆ ನಡುವಿನ ಗುಂಡಿಯಷ್ಟೇ ಉಳಿಯಿತು. ಗಾಳಿ ನೆಲದ ಬಿರುಕಿಗೆ ಬಾಯಿಟ್ಟು ಕೇಳಿತು, "ತಮ್ಮಾ, ನೀರು ಎಲ್ಲಿಟ್ಟೆ?"

"ಯಾವ ನೀರು?" ಎಂದಿತು ಕಪ್ಪೆ.

ಒಳಗೆ ಚೀಲ ತೊಟ್ಟು ತೊಟ್ಟಾಗಿ ಮೈಗೆ ನೀರು ಕೊಡುತ್ತಿತ್ತು. ಗಾಳಿ ಸಿಟ್ಟಿನಿಂದ ಇನ್ನಷ್ಟು ಬಿಸಿಯಾಗಿ ಹೊರಟುಹೋಯಿತು. ಕೊನೆಗೂ ಮಳೆ ಬಂದಾಗ ಕಪ್ಪೆ ಹೊರಗೆ ಬಂತು. ಸೊರಗಿತ್ತು, ಆದರೆ ಸತ್ತಿರಲಿಲ್ಲ.

ಅನುಮಾನ ಮಾತ್ರ ಹೋಗಲಿಲ್ಲ. ಬಚ್ಚಲ ಹತ್ತಿರ ನೀನು ಕಪ್ಪೆಯನ್ನು ಹಿಡಿದರೆ, ನೀರು ಕದಿಯೋಕೇ ಬಂದಿದ್ದೀಯ ಎಂದುಕೊಳ್ಳುತ್ತದೆ. ನೀರು ನಾಳೆ ಮತ್ತೆ ಸಿಕ್ಕೀತು, ಜೀವ ಸಿಗುವುದಿಲ್ಲ. ಅದಕ್ಕೇ ಇವತ್ತಿಗೂ ಚೀಲವನ್ನೆಲ್ಲ ನಿನ್ನ ಅಂಗೈಗೆ ಸುರಿದು, ನೀನು ಕೈ ಕೊಡವುವಷ್ಟರಲ್ಲಿ ಹಗುರಾಗಿ ಹಾರಿಹೋಗುತ್ತದೆ.