ಹನ್ನೆರಡನೆಯವನ ಹಾಲು

"ಗುರುಗಳೇ, ಹೋದ ಯುಗಾದಿಗೆ ನಾನು ಹುಡುಗರ ಬಲ ನೋಡಿ ಬರೆದ ಪಟ್ಟಿಯಲ್ಲಿ ಒಂದು ಹೆಸರೂ ತಪ್ಪಲಿಲ್ಲ. ಮೇಲಿದ್ದವರು ಮೇಲೆಯೇ ಇದ್ದಾರೆ, ಕೆಳಗಿದ್ದವರು ಕೆಳಗೆಯೇ. ಕೊನೆಯ ನಾಲ್ವರನ್ನು ನಾಳೆ ಗರಡಿಯಿಂದ ಮನೆಗೆ ಕಳಿಸಿಬಿಡಲೇ?"

ನನ್ನ ಗರಡಿಯಲ್ಲಿ ಎಳೆಯ ಪೈಲ್ವಾನರನ್ನು ನೋಡಿಕೊಳ್ಳುವ ಶಿಷ್ಯ ದ್ಯಾವಣ್ಣ ಹೀಗೆ ಕೇಳಿದಾಗ ನನಗೆ ಮೈ ಉರಿದುಹೋಯಿತು. ಬಾರಿಸಿಬಿಡಬೇಕೆನಿಸಿತು. ನಾನು ಕೈ ಎತ್ತಿದರೆ ಏನಾಗುತ್ತದೆಂದು ಊರಿಗೆಲ್ಲ ಗೊತ್ತು. ಹಿಂದೊಮ್ಮೆ ಬರಿಯ ತೊಡೆ ತಟ್ಟಿದ್ದಕ್ಕೇ ಮೂರು ಬೀದಿಯ ಹೆಂಚು ಉದುರಿದ್ದವು. ಅದಕ್ಕೇ ಕೈ ಕಟ್ಟಿಕೊಂಡು ಕತೆ ಹೇಳಿದೆ.

ಒಬ್ಬ ವರ್ತಕನಿದ್ದ. ಅವನದೊಂದು ಗರಡಿ, ಅದರಲ್ಲಿ ಹನ್ನೆರಡು ಜನ ಹೊಸ ಹುಡುಗರು. ವರ್ಷ ತುಂಬಿದ ಮೇಲೆ ಅವರಲ್ಲಿ ಮೂವರನ್ನು ಅರಮನೆಯ ಕುಸ್ತಿಗೆ ಕಳಿಸಬೇಕು. ವರ್ತಕ ಮೊದಲ ದಿನವೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ತೊಡೆ ಹಿಚುಕಿದ, ಹೆಗಲು ತಟ್ಟಿದ, ಎತ್ತಿನ ಸಂತೆಯಲ್ಲಿ ಮಾಡುವ ಹಾಗೆ ಬಾಯಿ ತೆರೆಸಿ ಹಲ್ಲು ನೋಡಿದ. ಒಂದರಿಂದ ಹನ್ನೆರಡರವರೆಗೆ ಗೋಡೆಯ ಮೇಲೆ ಸುಣ್ಣದಲ್ಲಿ ಹೆಸರು ಬರೆಸಿದ. ಅವನೇನು ಕುಸ್ತಿ ಬಲ್ಲವನೇ? ಕೂತಲ್ಲಿಂದ ಏಳಲು ಅವನಿಗೆ ಇಬ್ಬರು ಕೈ ಕೊಡಬೇಕಿತ್ತು. ಆ ಮುಖ ನೆನೆದರೆ ಇವತ್ತಿಗೂ ನನಗೆ ರಕ್ತ ಕುದಿಯುತ್ತದೆ.

ಗರಡಿಯ ಹಾಲು ಆ ಪಟ್ಟಿಯ ಪ್ರಕಾರ ಹರಿಯಿತು. ಮೊದಲನೆಯವನಿಗೆ ಒಂದು ಕೊಡ ತುಂಬ. ನಾನು ಕಣ್ಣಾರೆ ಕಂಡಿದ್ದೇನೆ, ಆ ಕೊಡಕ್ಕೆ ಏಣಿ ಹಾಕಬೇಕಿತ್ತು. ಎರಡನೆಯವನಿಗೆ ಅದಕ್ಕಿಂತ ಕಡಿಮೆ, ಮೂರನೆಯವನಿಗೆ ಇನ್ನೂ ಕಡಿಮೆ. ಹನ್ನೆರಡನೆಯವನಿಗೆ ಪಾತ್ರೆ ತೊಳೆದ ನೀರು. ಕುಸ್ತಿಯ ಮಣ್ಣು ಅಗೆದು ಹದ ಮಾಡುವವನೂ ಅವನೇ, ಎಲ್ಲರ ಸ್ನಾನಕ್ಕೆ ನೀರು ಸೇದುವವನೂ ಅವನೇ. ಪಟ್ಟು ಕಲಿಯಲು ಅವನ ಸರದಿ ಬರುವ ಹೊತ್ತಿಗೆ ಕಲಿಸುವ ಉಸ್ತಾದರು ಊಟಕ್ಕೆ ಎದ್ದು ಹೋಗಿರುತ್ತಿದ್ದರು.

ವರ್ಷ ತುಂಬಿತು. ವರ್ತಕ ಊರವರ ಮುಂದೆ ಮೊದಲನೆಯವನಿಗೂ ಹನ್ನೆರಡನೆಯವನಿಗೂ ಜೋಡಿ ಕಟ್ಟಿದ. ಹನ್ನೆರಡನೆಯವನು ಕೈ ಮಿಲಾಯಿಸಿದ್ದೇ ತಡ, ಹಾರಿ ಹೋದ. ಎಷ್ಟು ಎತ್ತರ ಹಾರಿದನೆಂದರೆ, ಅವನು ಕೆಳಗೆ ಬಂದು ಚಿತ್ತಾಗುವಷ್ಟರಲ್ಲಿ ಜನ ಎಲೆ ಅಡಿಕೆ ಹಾಕಿಕೊಂಡು ಉಗಿದೂ ಮುಗಿಸಿದ್ದರು.

"ನೋಡಿದಿರಾ ನನ್ನ ಕಣ್ಣು! ಹೋದ ವರ್ಷವೇ ಹೇಳಿದ್ದೆ" ಎಂದು ವರ್ತಕ ಮೀಸೆ ತಿರುವಿದ.

ಬಿದ್ದವನು ಮಣ್ಣು ಕೊಡವಿಕೊಂಡು ಎದ್ದ. "ಯಜಮಾನರೇ, ಒಂದು ಆರು ತಿಂಗಳು ನಮ್ಮಿಬ್ಬರ ಪಾತ್ರೆ ಅದಲು ಬದಲು ಮಾಡಿ ನೋಡಿ. ಆಮೇಲೂ ಬಿದ್ದರೆ ನಾನಾಗಿಯೇ ಹೊರಟುಹೋಗುತ್ತೇನೆ."

"ಲೋ, ಮುಟ್ಟಿದರೆ ಬೀಳುವವನಿಗೆ ಹಾಲು ಸುರಿಯಲು ನನಗೇನು ಹುಚ್ಚೇ? ನಡಿ ಆಚೆ!"

ಅವನು ಹೋದ. ಮರುದಿನ ಗೋಡೆಯ ಮೇಲೆ ಹನ್ನೊಂದು ಹೆಸರು ಉಳಿದವು. ಪಾತ್ರೆ ತೊಳೆದ ನೀರು ಹನ್ನೊಂದನೆಯವನ ಮುಂದೆ ಬಂತು.

ದ್ಯಾವಣ್ಣ ತೊಡೆ ತಟ್ಟಿಕೊಂಡು ನಕ್ಕ. "ಎಂಥ ದಡ್ಡ ವರ್ತಕ, ಗುರುಗಳೇ!" ಎಂದ.

ನಾನು ಕೇಳಿದೆ: "ನೀನು ನಾಳೆ ಮನೆಗೆ ಕಳಿಸಬೇಕೆಂದಿರುವ ಆ ನಾಲ್ವರು ಇವತ್ತು ಬೆಳಿಗ್ಗೆ ಏನು ಕುಡಿದರು?"