ಜಮೀಲನ ತಡವಾದ ಏಟು

ಗುರುವಿನ ಆಶ್ರಮ ಕಾವೇರಿಯ ದಡದಲ್ಲಿತ್ತು ಅನ್ನುವವರಿದ್ದಾರೆ, ತುಂಗಭದ್ರೆಯ ದಡದಲ್ಲಿತ್ತು ಅನ್ನುವವರೂ ಇದ್ದಾರೆ. ಯಾವುದಾದರೇನು, ನೀರಿತ್ತು, ಮೆಟ್ಟಿಲಿತ್ತು, ಬೇಸರದ ಪ್ರಶ್ನೆ ಕೇಳಿದವರಿಗೆ ಮಾತ್ರ ಕಿವುಡಾಗುವ ಒಬ್ಬ ಗುರುವಿದ್ದ.

ಒಂದು ಬೆಳಿಗ್ಗೆ ಅಲ್ಲಿಗೆ ಶಿಷ್ಯ ಸುಧನ್ವ ಬಂದ. ಒಂದು ಕಾಲದಲ್ಲಿ ಕಾಲೇಜು ಹುಡುಗರನ್ನೆಲ್ಲ ಬೆಂಚು ಹತ್ತಿಸಿ ಕುಣಿಸಿದ ‘ನಾಲ್ಕು ರಸ್ತೆ’ ಬ್ಯಾಂಡಿನ ಹಾಡುಗಾರ. ಈಗ ತಲೆಗೆ ಬಣ್ಣ, ಮೊಣಕಾಲಿಗೆ ಪಟ್ಟಿ.

ಜೊತೆಗೆ ಹಳೆಯ ಮೂವರೂ ಇದ್ದರು: ಗಿಟಾರಿನ ಪ್ಯಾಟ್ರಿಕ್, ಕೀಬೋರ್ಡಿನ ವಾರಿಜಾ, ಡ್ರಮ್ಸಿನ ಜಮೀಲ. ಎಲ್ಲರಿಗೂ ತಾಳ ಕಲಿಸಿದ್ದು ಈ ಗುರುವೇ. ಮೂವತ್ತು ವರ್ಷದ ಹಿಂದೆ ಜಗಳವಾಡಿ ಬೇರೆಯಾಗಿದ್ದರು. ಯಾಕೆ ಅಂತ ಕೇಳಿದರೆ ನಾಲ್ವರೂ ನಾಲ್ಕು ಕಾರಣ ಹೇಳುತ್ತಾರೆ. ನಾಲ್ಕೂ ಸುಳ್ಳು.

ಮೂವರನ್ನು ಹೊಳೆಯ ಮೆಟ್ಟಿಲ ಮೇಲೆ ಕೂರಿಸಿ, ಸುಧನ್ವ ಒಬ್ಬನೇ ಒಳಗೆ ಹೋದ.

“ಗುರುಗಳೇ, ಹೊಸ ಆಲ್ಬಂ ಮಾಡ್ತಿದ್ದೀವಿ. ಪೋಸ್ಟರ್ ನೋಡಿ.”

ಪೋಸ್ಟರಿನಲ್ಲಿ ನಾಲ್ವರೂ ಒಂದು ಸುಕ್ಕೂ ಇಲ್ಲದೆ ನಿಂತಿದ್ದರು. ಕೆಳಗೆ ದಪ್ಪ ಅಕ್ಷರ: ‘ಮೂವತ್ತು ವರ್ಷ ಕಾದಿರಿ. ಅದೇ ನಾಲ್ವರು ಮತ್ತೆ ಬಂದರು!’

“ಹಾಡು ಕೇಳಿಸು.”

ಸುಧನ್ವ ಫೋನಿನಲ್ಲಿ ಹಾಡು ಹಾಕಿದ. ಗುರು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದ.

“ಜಮೀಲ ಯಾವಾಗ ತೀರಿಕೊಂಡ?”

“ಅಯ್ಯೋ, ಬಿಡ್ತು ಅನ್ನಿ! ಹೊರಗೆ ಕೂತು ಕಡಲೆಕಾಯಿ ತಿಂತಿದ್ದಾನೆ.”

“ಹಾಡಿನೊಳಗೆ ಇಲ್ಲವಲ್ಲ.”

ಸುಧನ್ವ ತಲೆ ಕೆರೆದುಕೊಂಡ. “ಅದನ್ನೇ ಹೇಳೋಕೆ ಬಂದೆ. ಅವನ ಕೈ ಈಗ ನಡುಗುತ್ತೆ. ಅವನು ಬಾರಿಸಿದ್ದನ್ನೆಲ್ಲ ಅಳಿಸಿ ಕಂಪನಿಯವರು ಮಿಷನ್ ತಾಳ ಹಾಕಿದ್ದಾರೆ. ನಮ್ಮ ಮೂವರದನ್ನೂ ಅದಕ್ಕೆ ಸರಿಯಾಗಿ ಎಳೆದು ಕೂರಿಸಿದ್ದಾರೆ. ನಾನು ಒಪ್ಪಿಬಿಟ್ಟೆ. ಅವನಿಗೆ ಗೊತ್ತಿಲ್ಲ. ನೀವು ಹೇಳಿದರೆ ಬೇಜಾರು ಮಾಡ್ಕೊಳ್ಳಲ್ಲ.”

“ಒಪ್ಪಿದ್ದು ನೀನು, ಹೇಳೋದು ನಾನು?”

“ನಿಮ್ಮ ಮಾತಿಗೆ ತೂಕ ಇದೆ ಗುರುಗಳೇ.”

“ಏನಂದೆ? ಕೇಳಿಸಲಿಲ್ಲ,” ಅಂದ ಗುರು. ಅಡುಗೆಮನೆಗೆ ಹೋಗಿ ಹಿತ್ತಾಳೆ ಬಿಂದಿಗೆಯನ್ನೂ ಮರದ ಸೌಟನ್ನೂ ಎತ್ತಿಕೊಂಡು ನೇರ ಮೆಟ್ಟಿಲಿಗೆ ನಡೆದ. ಸುಧನ್ವ ಪೋಸ್ಟರನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಹಿಂದೆಯೇ ಓಡಿದ.

“ಹಾಡಿ, ನಿಮ್ಮ ಮೊದಲನೇ ಹಾಡು. ಜಮೀಲಾ, ನೀನು ಕೈಕಟ್ಟಿ ಕೂತ್ಕೋ. ಇವತ್ತು ಬಾರಿಸೋನು ನಾನು.”

ಜಮೀಲ ಮಡಿಲಿನ ಸಿಪ್ಪೆ ಕೊಡವಿ ಕೈಕಟ್ಟಿದ.

ಗುರು ಬಿಂದಿಗೆ ಬೋರಲು ಹಾಕಿ ಬಾರಿಸತೊಡಗಿದ. ಗಡಿಯಾರ ನಾಚಬೇಕು, ಅಷ್ಟು ಕರಾರುವಾಕ್ಕು. ಚರಣ ಮುಗಿಯಿತು. ಪಲ್ಲವಿಗೆ ಮರಳುವ ಏಟು ಬಿತ್ತು. ಹಾಡು ಬರಲಿಲ್ಲ. ಬರುವಷ್ಟರಲ್ಲಿ ಏಟು ದಾಟಿ ಹೋಗಿತ್ತು.

“ತಪ್ಪು. ಇನ್ನೊಂದು ಸಲ.”

ಇನ್ನೊಂದು ಸಲವೂ ಸುಧನ್ವ ಅದೇ ಜಾಗದಲ್ಲಿ ಎಡವಿದ. ವಾರಿಜಾಳ ದನಿಯೂ ಪ್ಯಾಟ್ರಿಕ್ ಹೆಗಲಿಗೇರಿಸಿ ತಂದಿದ್ದ ಗಿಟಾರೂ ಅವನ ಜೊತೆಗೇ ಮುಗ್ಗರಿಸಿದವು.

“ಏನ್ರಯ್ಯಾ, ಮೂರು ಜನಕ್ಕೂ ಒಂದೇ ಗುಂಡಿ?”

ವಾರಿಜಾ ನಕ್ಕಳು. “ಅಲ್ಲಿ ಜಮೀಲ ಯಾವಾಗ್ಲೂ ಒಂಚೂರು ತಡ ಮಾಡ್ತಿದ್ದ ಗುರುಗಳೇ. ಬೀಳುತ್ತೋ ಇಲ್ಲವೋ ಅನ್ನೋ ಹಾಗೆ ಕೋಲು ಮೇಲೆತ್ತಿ ನಿಲ್ಲಿಸೋನು. ಜನ ಅಲ್ಲಿ ಉಸಿರು ಹಿಡಿಯೋರು. ನಾವು ಉಸಿರು ತಗೊಳ್ತಿದ್ವಿ.”

ಗುರು ಬಿಂದಿಗೆಯನ್ನು ಜಮೀಲನ ಕಡೆ ತಳ್ಳಿದ.

ಜಮೀಲ ಸೌಟು ಹಿಡಿದ. ಕೈ ನಡುಗಿ ಸೌಟು ಬಿಂದಿಗೆಯ ಮೇಲೆ ಸುಮ್ಮಸುಮ್ಮನೆ ಕಟಕಟ ಅಂದಿತು. ಹಾಡು ನಿಧಾನಕ್ಕೆ ಹೊರಟಿತು. ಚರಣ ಮುಗಿಯಿತು. ಸೌಟು ಮೇಲೆದ್ದು ಗಾಳಿಯಲ್ಲಿ ನಡುಗುತ್ತಾ ನಿಂತಿತು. ಅದನ್ನೇ ನೋಡುತ್ತಾ ಸುಧನ್ವ ಎದೆತುಂಬ ಉಸಿರೆಳೆದುಕೊಂಡ.

ಏಟು ಬಿತ್ತು. ಮೂವರೂ ಒಟ್ಟಿಗೆ ಪಲ್ಲವಿಗೆ ಬಿದ್ದರು.

ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದಾಕೆ, ಎತ್ತಿದ ಬಟ್ಟೆಯನ್ನು ಹಾಗೇ ಹಿಡಿದುಕೊಂಡಿದ್ದು, ಜಮೀಲನ ಏಟು ಬಿದ್ದ ಮೇಲೆಯೇ ಕಲ್ಲಿಗೆ ಬಡಿದಳಂತೆ. ಇದನ್ನು ನಂಬಲೇಬೇಕು ಅಂತೇನಿಲ್ಲ.

ಹಾಡು ಮುಗಿದಾಗ ಸುಧನ್ವ ಹೊಳೆಯ ಕಡೆ ಮುಖ ಮಾಡಿ ಹೇಳಿದ: “ಜಮೀಲಾ, ಆಲ್ಬಮ್ಮಿಂದ ನಿನ್ನನ್ನ ತೆಗೆಯೋಕೆ ನಾನು ಒಪ್ಪಿಬಿಟ್ಟಿದ್ದೀನಿ ಕಣೋ.”

“ಗೊತ್ತು. ಕಂಪನಿಯ ಮ್ಯಾನೇಜರು ಬಾಯಿ ತಪ್ಪಿ ಹೇಳಿಬಿಟ್ಟ.”

“ಗೊತ್ತಿದ್ದೂ ಸುಮ್ಮನಿದ್ಯಾ?”

“ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ.” ಜಮೀಲ ಇನ್ನೊಂದು ಕಡಲೆಕಾಯಿ ಸುಲಿದ. “ತಡ ಮಾಡೋದು ನನಗೇನು ಹೊಸದಾ?”

ಸುಧನ್ವ ಅಲ್ಲೇ ಫೋನು ತೆಗೆದು ಮ್ಯಾನೇಜರಿಗೆ ಹಚ್ಚಿದ. ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದ.

“ಆ ಮಿಷನ್ ತೆಗೆದುಬಿಡಿ. ಜಮೀಲನೇ ಬಾರಿಸ್ತಾನೆ. ಅವನಿಲ್ಲದ ಆಲ್ಬಮ್ಮಲ್ಲಿ ನಾನೂ ಇಲ್ಲ.”

“ನಾನೂ ಇಲ್ಲ,” ಅಂದಳು ವಾರಿಜಾ.

ಬಂದಾಗಿನಿಂದ ಬಾಯಿಬಿಡದ ಪ್ಯಾಟ್ರಿಕ್ ಬಗ್ಗಿ ಫೋನಿಗೆ ಹೇಳಿದ: “ಪೋಸ್ಟರಲ್ಲಿ ಮಿಷನ್ ಫೋಟೋ ಹಾಕ್ಕೊಳ್ಳಿ. ಅದಕ್ಕೂ ಸುಕ್ಕಿಲ್ಲ.”

“ಸರ್, ಸರ್, ಸ್ವಲ್ಪ ಯೋಚನೆ ಮಾಡಿ,” ಮ್ಯಾನೇಜರನ ದನಿ ಗೋಗರೆಯಿತು. “ಪಲ್ಲವಿ ಬರೋದು ಲೇಟಾಗುತ್ತೆ. ಈಗಿನ ಜನ ಅರೆಗಳಿಗೆ ಕಾಯಲ್ಲ ಸರ್. ಬೆರಳು ಒತ್ತಿ ಮುಂದಿನ ಹಾಡಿಗೆ ಹೋಗಿಬಿಡ್ತಾರೆ.”

ಸುಧನ್ವ ಗುರುವಿನ ಮುಖ ನೋಡಿದ.

ಗುರು ಅವನ ಕಂಕುಳಲ್ಲಿದ್ದ ಪೋಸ್ಟರನ್ನು ಎಳೆದು ತೊಡೆಯ ಮೇಲೆ ಹರಡಿಕೊಂಡು, ದಪ್ಪ ಅಕ್ಷರವನ್ನು ಇನ್ನೊಮ್ಮೆ ಓದಿಕೊಂಡು, ಫೋನಿಗೆ ಕೈ ಚಾಚಿದ.

“ಮೂವತ್ತು ವರ್ಷ ಕಾದಿದ್ದಾರೆ ಅಂತ ನೀನೇ ಬರೆಸಿದ್ದೀಯಲ್ಲಪ್ಪಾ, ಇನ್ನೊಂದು ಏಟಿಗೆ ಕಾಯೋಕಾಗಲ್ವಾ ಅವರಿಗೆ?”